ಟೆಂಟಿನೊಳಗಿನ ಚರಗ

ಬೆಳವಣಿಕೊಪ್ಪದಲ್ಲಿ ಗಾಂಜಾ ಬೆಳೆಯುವುದು ಸರಕಾರಿ ಕೆಲಸವಾದಾಗ ಊರು ನಕ್ಕಿದ್ದೇ ನಕ್ಕಿದ್ದು. ಹಿಂದೆ ಹೊಲದ ಬದುವಿನಲ್ಲಿ ಒಂದು ಗಿಡ ಕಂಡರೂ ಜೀಪು ತುಂಬಿಕೊಂಡು ಬರುತ್ತಿದ್ದ ಪೊಲೀಸರು, ಈಗ ಅದೇ ಗಿಡ ಹೊತ್ತು ತಂದ ವ್ಯಾನಿಗೆ ಓಣಿಯಲ್ಲಿ ನಿಂತ ಎಮ್ಮೆಗಳನ್ನು ಅಟ್ಟಿ ದಾರಿ ಮಾಡಿಕೊಟ್ಟರು. ಚಹಾದಂಗಡಿಯಲ್ಲಿ ಕೂತವರು, "ಇವತ್ತ ಯಾರ ಮನಿಗೆ ಬಂತಪಾ ಸರಕಾರಿ ಪ್ರಸಾದ?" ಎಂದು ಕೇಳಿ ಹೊಟ್ಟೆ ಹಿಡಿದುಕೊಂಡರು. ಆ ನಗು ಬಹಳ ದಿನ ಉಳಿಯಲಿಲ್ಲ. ಗಿಡ ಬಂದ ಮನೆಗಳಲ್ಲಿ ಫಿಟ್ಸ್ ನಿಂತವು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು ಎದ್ದು ಬಂದು ಅದೇ ಚಹಾದಂಗಡಿಯಲ್ಲಿ ಕೂತಾಗ ನಗುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ.

ಸಂಗತಿ ಇಷ್ಟೇ. ಮೂರ್ಛೆರೋಗಕ್ಕೆ ಕೊಡುವ ಗುಳಿಗೆ ಕೆಲವರಲ್ಲಿ ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಕೈಕೊಡುತ್ತದೆ. ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಹಾಗಾದರೆ ಔಷಧವೇ ರೋಗಿಯ ಜೊತೆಜೊತೆಗೆ ಬದಲಾಗುತ್ತ ಹೋದರೆ? ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು ಜೋಡಿಗಿಡ. ರೋಗಿ ತನ್ನ ಕಿವಿಯ ಹಿಂದೆ ಉಗುರಿನಗಲದ ಒಂದು ಬಿಲ್ಲೆ ಅಂಟಿಸಿಕೊಳ್ಳುತ್ತಾನೆ. ಅದು ಮಿದುಳಿನ ಏರಿಳಿತವನ್ನು ಅರಿತು ಟೆಂಟಿನ ದೀಪಕ್ಕೆ ತಿಳಿಸುತ್ತದೆ. ದೀಪ ತನ್ನ ಬಣ್ಣವನ್ನು ತುಸುವೇ ಬದಲಿಸುತ್ತದೆ. ಆ ಬೆಳಕನ್ನು ಉಂಡ ಗಾಂಜಾ ಗಿಡ ತನ್ನ ಹೂವಿನ ಎಣ್ಣೆಯನ್ನು ಆ ಒಬ್ಬ ಮನುಷ್ಯನಿಗೆ ಬೇಕಾದ ಹಾಗೆ ಹದ ಮಾಡುತ್ತದೆ. ಒಬ್ಬರ ಗಿಡ ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಎಣ್ಣೆಯೂ ಬಹಳ ದಿನ ಇಟ್ಟರೆ ಕೆಡುತ್ತದೆ. ಒಂದು ಬೆಳೆಯ ಬಾಟಲಿ ಬರಿದಾಗುವಷ್ಟರಲ್ಲಿ ಮುಂದಿನ ಬೆಳೆ ಕೈಗೆ ಬರಲೇಬೇಕು.

ಅಂದಾನಪ್ಪನ ಗಿಡ ನಡುಮನೆಯ ಮೂಲೆಯಲ್ಲಿತ್ತು. ಕಪಾಟಿನಷ್ಟು ಎತ್ತರದ ಕರಿ ಟೆಂಟು. ಒಳಗೆಲ್ಲ ಬೆಳ್ಳಿಬಣ್ಣದ ಹೊದಿಕೆ, ಮೇಲೊಂದು ದೀಪ, ಪಕ್ಕದಲ್ಲಿ ಕತ್ತು ತಿರುಗಿಸುವ ಸಣ್ಣ ಫ್ಯಾನು, ಕೆಳಗೆ ಗಾಳಿಯ ತೇವ ಹೀರುವ ಪೆಟ್ಟಿಗೆ, ಎದುರಿಗೆ ಉದ್ದಕ್ಕೆ ಒಂದು ಜಿಪ್ಪು. ಅಂದಾನಪ್ಪ ಪಂಪಿನ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸದವನು. ಒಮ್ಮೆ ಅಂಗಡಿಯಲ್ಲೇ ಫಿಟ್ಸ್ ಬಂದು, ಕಾದ ವಾರ್ನಿಷ್ ಡಬ್ಬಿಯ ಮೇಲೆ ಬಿದ್ದು ಮುಂಗೈ ಸುಟ್ಟುಕೊಂಡ ಮೇಲೆ ಅಂಗಡಿಗೆ ಬೀಗ ಬಿದ್ದಿತ್ತು. ಜೋಡಿಗಿಡದ ಎರಡನೇ ಬೆಳೆಯ ಹೊತ್ತಿಗೆ ಆ ಬೀಗ ತೆಗೆದ. ಹೆಂಡತಿ ಮಹಾನಂದಾಳ ಎದುರಿಗೇ ಗಿಡವನ್ನು "ನನ್ನ ಎರಡನೇಕಿ" ಎಂದು ಕರೆಯುತ್ತಿದ್ದ.

"ಸವತಿ ಛಲೋ ಅದಾಳ ಬಿಡ್ರಿ," ಎನ್ನುತ್ತಿದ್ದಳು ಮಹಾನಂದಾ. "ಸೀರಿ ಕೇಳಂಗಿಲ್ಲ, ಬಂಗಾರ ಕೇಳಂಗಿಲ್ಲ."

"ಗಾಳಿ ಒಂದ ಕೇಳ್ತಾಳ. ಅದೂ ಒಣಾ ಗಾಳಿ."

ಅವನ ತಾಯಿ ಹಂಪವ್ವನಿಗೆ ಈ ಚೇಷ್ಟೆ ಸೇರುತ್ತಿರಲಿಲ್ಲ. ಮಗನನ್ನು ಎಬ್ಬಿಸಿ ನಿಲ್ಲಿಸಿದ ಗಿಡ ಅದು; ಅದರ ಮುಂದೆ ಹಲ್ಲು ಕಿಸಿಯುವುದೆಂದರೇನು? ಬೆಳಿಗ್ಗೆ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿದವಳು ಟೆಂಟಿನ ಬುಡಕ್ಕೂ ಒಂದು ಬೊಟ್ಟು ಇಟ್ಟೇ ಏಳುತ್ತಿದ್ದಳು. ಮಹಾನಂದಾಳಿಗೆ ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ಬಸುರಿಗೆ ಮಾಡುವ ಕುಬಸದ ಹಾಡು ಕೇಳಬೇಕೆಂಬ ಆಸೆಯನ್ನು ಹಂಪವ್ವ ಬಾಯಿಬಿಟ್ಟು ಆಡಿದವಳಲ್ಲ. ಆದರೆ ಗಿಡಕ್ಕೆ ಮೊದಲ ಹೂ ಕಂಡ ದಿನ, "ನೋಡವ್ವಾ, ಇಕಿಗೆ ದಿನಾ ತುಂಬಾಕತ್ತಾವ," ಎಂದು ಸೊಸೆಯನ್ನು ಕೂಗಿ ಕರೆದಿದ್ದಳು.

ಮಹಾನಂದಾಳ ಕೆಲಸ ತೇವ ಕೇಂದ್ರದಲ್ಲಿ. ಊರಾಚೆಯ ಕಟ್ಟಡ, ಒಂದು ದೊಡ್ಡ ಕೋಣೆ, ಗೋಡೆ ತುಂಬ ಪರದೆ. ಆ ಪರದೆಯ ಮೇಲೆ ಊರಿನ ಒಂದೊಂದು ಟೆಂಟಿಗೂ ಒಂದೊಂದು ಹಸಿರು ಚೌಕ. ಎಲೆ ಬೆಳೆಯುವ ದಿನಗಳಲ್ಲಿ ಗಿಡಕ್ಕೆ ತೇವದ ಗಾಳಿಯೇ ಹಿತ. ಹೂ ಬಿಟ್ಟ ಮೇಲೆ ಅದೇ ತೇವ ವೈರಿ. ಒತ್ತೊತ್ತಾಗಿ ಕಟ್ಟಿದ ಹೂಗೊಂಚಲಿನ ನಡುವೆ ಗಾಳಿ ಆಡುವುದಿಲ್ಲ. ದೀಪ ಆರಿ ಟೆಂಟು ತಣ್ಣಗಾದಾಗ ಗಾಳಿಯಲ್ಲಿದ್ದ ತೇವವೆಲ್ಲ ಹನಿಯಾಗಿ ಅಲ್ಲೇ ಇಳಿಯುತ್ತದೆ. ಹೊರಗೆ ಹೂ ಚೆಂದವಾಗಿರುವಾಗಲೇ ಒಳಗೆ ಬೂದು ಬಣ್ಣದ ಬೂಷ್ಟು ಹುಟ್ಟುತ್ತದೆ. ಹಾಗಾಗಿ ಹೂವಿನ ವಾರಗಳಲ್ಲಿ ಟೆಂಟಿನ ತೇವ ಅರ್ಧಕ್ಕಿಂತ ಮೇಲೆ ಹೋಗಬಾರದು, ಜಿಪ್ಪನ್ನು ಸುಮ್ಮಸುಮ್ಮನೆ ತೆರೆಯಬಾರದು. ಮನುಷ್ಯರ ಉಸಿರೂ ನೀರೇ ಎಂದು ಮಹಾನಂದಾ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು. ಹೇಳದೆ ಉಳಿದದ್ದು ಒಂದೇ ಒಂದು, ಏಕೆಂದರೆ ಅದು ಅವಳಿಗೆ ಹೊಳೆದೇ ಇರಲಿಲ್ಲ.

ಕೇಂದ್ರಕ್ಕೆ ಇನ್ನೊಂದು ನಿಯಮವಿತ್ತು. ತೇವ ಹೆಚ್ಚಿ ಒಂದು ಚೌಕ ಕೆಂಪಾದರೆ ಆ ಮನೆಗೆ ಫೋನು ಮಾಡಬೇಕು. ಎಲ್ಲವೂ ಒಟ್ಟಿಗೆ ಕೆಂಪಾದರೆ ಅದು ಯಂತ್ರದ ದೋಷ. ಎಲ್ಲ ಮನೆಗಳ ಗಾಳಿ ಒಂದೇ ಹೊತ್ತಿಗೆ ಒದ್ದೆಯಾಗುವುದು ಸಾಧ್ಯವೇ? ಬೇಸಿಗೆಯಲ್ಲೊಮ್ಮೆ ಹಾಗೇ ಆಗಿ, ಎಲ್ಲರೂ ಬಿಸಿಲಲ್ಲಿ ಓಣಿ ಓಣಿ ಓಡಾಡಿ, ಕೊನೆಗೆ ತಪ್ಪು ಕೇಂದ್ರದ ಕಂಪ್ಯೂಟರಿನದೇ ಎಂದು ತಿಳಿದು ಮುಖ ಸಣ್ಣದು ಮಾಡಿಕೊಂಡಿದ್ದರು. ಆಮೇಲೆ ಬಂದ ನಿಯಮ ಅದು. 'ಯಂತ್ರದೋಷ' ಎಂದು ಒತ್ತಿದರೆ ಟೆಂಟುಗಳು ಅಳತೆಯನ್ನು ನಂಬುವುದು ಬಿಟ್ಟು, ತೇವ ಮೊದಲಿನಷ್ಟೇ ಇದೆ ಎಂದುಕೊಂಡು ನಡೆಯುತ್ತವೆ, ರಿಪೇರಿಯವರು ಬಂದು ನೋಡುವ ತನಕ.

ಆ ವರ್ಷ ಕೇಂದ್ರ ಎಲ್ಲ ಟೆಂಟುಗಳ ದೀಪದ ಹೊತ್ತನ್ನು ಒಂದೇ ದಿನ ಕಡಿಮೆ ಮಾಡಿತ್ತು. ಕತ್ತಲು ಹೆಚ್ಚಾದರೆ ಈ ಗಿಡ ಹೂ ಬಿಡುತ್ತದೆ. ಹೀಗಾಗಿ ಊರಿನ ಎಲ್ಲ ಟೆಂಟುಗಳಲ್ಲೂ ಹೂ ಒಟ್ಟಿಗೇ ತುಂಬಿ ಬಂತು, ಸರಿಯಾಗಿ ಸೀಗಿ ಹುಣ್ಣಿಮೆಗೆ.

ಹುಣ್ಣಿಮೆಯ ಬೆಳಿಗ್ಗೆ ಮಹಾನಂದಾ ಕೆಲಸಕ್ಕೆ ಹೊರಟಾಗ ಅಡುಗೆಮನೆ ತುಂಬ ಹಬೆ. ಹಂಪವ್ವ ಕಡುಬು ಬೇಯಿಸುತ್ತಿದ್ದಳು. ಹೋಳಿಗೆ, ಪುಂಡಿಪಲ್ಯ, ಅನ್ನ, ಚಟ್ನಿ ಆಗಲೇ ಸಿದ್ಧವಾಗಿದ್ದವು. ಹೊರಗೆ ಜಿಟಿಜಿಟಿ ಮಳೆ.

"ಇಷ್ಟ್ಯಾಕ್ರಿ ಅತ್ತಿ? ತಿನ್ನಾವ್ರು ಮೂರು ಮಂದಿ."

"ಹಬ್ಬ ಐತೆವ್ವಾ. ನೀ ಹೋಗಿ ಬಾ, ಸಂಜಿಕ್ಕ ಲಗೂ ಬಾ."

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಮೊದಲ ಚೌಕ ಕೆಂಪಾಯಿತು. ಅದು ಮಹಾನಂದಾಳ ಮನೆಯದೇ. ಫೋನು ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಪಕ್ಕದ ಚೌಕ, ಅದರ ಪಕ್ಕದ್ದು, ಆಮೇಲೆ ಇಡೀ ಸಾಲು, ನೋಡನೋಡುತ್ತ ಗೋಡೆಗೆ ಗೋಡೆಯೇ ಕೆಂಪಾಯಿತು. ಆಗ ಅವಳಿಗೆ ಆದದ್ದು ಗಾಬರಿಯಲ್ಲ, ನೆಮ್ಮದಿ. ಸದ್ಯ, ನಮ್ಮದಷ್ಟೇ ಅಲ್ಲವಲ್ಲ! ಫೋನು ಕೆಳಗಿಟ್ಟಳು. ಆ ನೆಮ್ಮದಿಯನ್ನು ಮುಂದೆ ಎಷ್ಟು ಸಲ ನೆನೆಸಿಕೊಂಡು ತನ್ನನ್ನು ತಾನು ಶಪಿಸಿಕೊಂಡಳೋ.

ಕೇಂದ್ರದ ಮುಖ್ಯಸ್ಥ ಚೆಂಗಪ್ಪ ಕೊಡಗಿನ ಕಡೆಯವರು, ಮೃದು ಮಾತಿನ ಮನುಷ್ಯ. ಅವರು ಎದ್ದು ಬಂದು ಗೋಡೆಯ ಮುಂದೆ ನಿಂತರು.

"ಇವತ್ತು ಊರಲ್ಲಿ ಏನಾದ್ರೂ ವಿಶೇಷ ಇದೆಯಾ, ಮಹಾನಂದಾ?"

"ಸೀಗಿ ಹುಣ್ಣಿಮಿ ಸರ್. ಮಂದಿ ಎಲ್ಲಾ ಚರಗಾ ಚೆಲ್ಲಾಕ, ಅಂದ್ರ ಬೆಳಿಗೆ ಹಬ್ಬದ ಅಡಗಿ ಎಡಿ ಚೆಲ್ಲಾಕ, ಹೊಲಕ್ಕ ಹೋಗಿರ್ತಾರ."

"ಅಂದ್ರೆ ಮನೆಗಳಲ್ಲಿ ಯಾರೂ ಇಲ್ಲ. ಟೆಂಟು ತೆರೆಯೋರೂ ಇಲ್ಲ. ಹಾಗಾದ್ರೆ ಇದು ಯಂತ್ರದ್ದೇ ಕಥೆ."

ಮಹಾನಂದಾ 'ಯಂತ್ರದೋಷ' ಎಂದು ಒತ್ತಿದಳು. ಗೋಡೆ ಬೂದು ಬಣ್ಣಕ್ಕೆ ತಿರುಗಿತು. ಹೊಲ ಎಲ್ಲಿದೆ ಎಂಬ ಮಾತು ಅವಳಿಗಾಗಲಿ, ಅಲ್ಲಿದ್ದ ಇನ್ಯಾರಿಗಾಗಲಿ ನೆನಪಾಗಲಿಲ್ಲ. ಊರ ಸುತ್ತಲಿನ ಎರಿಹೊಲಗಳೆಲ್ಲ ಸೋಲಾರ್ ಹಲಗೆಗಳ ಕೆಳಗೆ ಸೇರಿ, ಬೇಲಿ ಬಿದ್ದು, ಗೇಟಿಗೆ ಕಾವಲುಗಾರ ಬಂದಾಗಿತ್ತು. ಚಿಕ್ಕಂದಿನಿಂದ ಆಡಿ ರೂಢಿಯಾದ ಮಾತು, ಬಾಯಿಗೆ ತಾನಾಗಿ ಬಂದುಬಿಟ್ಟಿತ್ತು.

ಸಂಜೆ ಮನೆಗೆ ಹೋದಾಗ ಹಂಪವ್ವ ಹಸಿರು ಇಳಕಲ್ ಸೀರೆ ಉಟ್ಟು ಕೂತಿದ್ದಳು. ಮಗ ಸೊಸೆಗೆ ಹೋಳಿಗೆ ಬಡಿಸಿ, ತಾನೂ ಹೊಟ್ಟೆ ತುಂಬ ಉಂಡು, "ಭಾಳ ವರ್ಷದ ಮ್ಯಾಲೆ ಮನಸ್ಸಿಗೆ ಸಮಾಧಾನ ಆತು," ಎಂದಳು. ಟೆಂಟಿನ ಜಿಪ್ಪು ಭದ್ರವಾಗಿ ಮುಚ್ಚಿತ್ತು. ಅದರೊಳಗೆ ದೀಪ ಆರಿ, ಗಾಳಿ ತಣ್ಣಗಾಗುತ್ತಿತ್ತು. ತೇವ ಹೀರಬೇಕಾದ ಪೆಟ್ಟಿಗೆ, ಎಲ್ಲ ಸರಿಯಿದೆ ಎಂದುಕೊಂಡು ಸುಮ್ಮನಿತ್ತು.

ಎರಡು ದಿನ ಬಿಟ್ಟು ಬಂದ ರಿಪೇರಿಯವರು ಯಂತ್ರಗಳಲ್ಲಿ ಏನೂ ದೋಷ ಕಾಣದೆ ತಲೆ ಕೆರೆದುಕೊಂಡು ಹೋದರು. ಆ ವಾರದ ಕೊನೆಗೆ ಅಂದಾನಪ್ಪ ಹೆಂಡತಿಯನ್ನು ಕರೆದ.

"ಇಲ್ಲಿ ನೋಡ. ಎರಡನೇಕಿ ಮೈಯಾಗ ಆರಾಮಿಲ್ಲ."

ಎಲ್ಲಕ್ಕಿಂತ ದಪ್ಪನೆಯ ಹೂಗೊಂಚಲಿನ ನಡುವೆ ಒಂದೇ ಒಂದು ಎಲೆ ಹಳದಿಯಾಗಿತ್ತು. ಮಹಾನಂದಾ ಮುಟ್ಟಿದಳು, ಸಲೀಸಾಗಿ ಕೈಗೆ ಬಂತು. ಹೂವನ್ನು ಬೆರಳಿನಿಂದ ಬಿಡಿಸಿದಳು. ಒಳಗೆ ಬೂದು ಬಣ್ಣದ ಬೂಷ್ಟು. ಇನ್ನೊಂದು ಗೊಂಚಲು ಬಿಡಿಸಿದಳು, ಅಲ್ಲಿಯೂ ಅದೇ. ಅವಳು ಕುಂಡದ ಕಡೆ ಬಾಗಿದಾಗ ಮಣ್ಣಿನ ಮೇಲೆ ನಾಲ್ಕು ಅನ್ನದ ಅಗಳು, ಅರ್ಧ ಕಡುಬು ಕಂಡವು. ಅವುಗಳ ಮೈಮೇಲೂ ಬೂದು ಕೂದಲು ಎದ್ದಿತ್ತು.

ಒಂದು ಕ್ಷಣದಲ್ಲಿ ಅವಳಿಗೆ ಎಲ್ಲವೂ ಕಂಡಿತು. ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಬಂದ ಓಣಿಯ ಹೆಂಗಸರು, ತೆರೆದ ಜಿಪ್ಪು, ಹಬೆಯಾಡುವ ಚರಗದ ಬುಟ್ಟಿ, ನಾಲ್ಕು ಮೂಲೆಗೂ ಚೆಲ್ಲಿದ ಅನ್ನ, ಬಸುರಿ ಗಿಡದ ಮೇಲೆ ಎಲೆಯಿಂದ ಚಿಮುಕಿಸಿದ ನೀರು. ಹೊಲ ಹೋದ ಮೇಲೆ ಈ ಹೆಂಗಸರಿಗೆ ಉಳಿದ ಬೆಳೆ ಇದೊಂದೇ. ಹೂ ತುಂಬಿ ನಿಂತದ್ದೂ ಇದೊಂದೇ. ಇದಕ್ಕೆ ಬಯಕೆಯ ಊಟ ಕೊಡದೆ ಇನ್ಯಾರಿಗೆ ಕೊಟ್ಟಾರು?

"ಏನಾಗೇತಿ?" ಅಂದಾನಪ್ಪ ಕೇಳಿದ.

ಬಾಗಿಲಲ್ಲಿ ಹಂಪವ್ವ ನಿಂತಿದ್ದಳು. ಮಹಾನಂದಾ ಅಗಳನ್ನೂ ಕಡುಬನ್ನೂ ಸೆರಗಿನ ತುದಿಗೆ ಸರಸರ ಕಟ್ಟಿಕೊಂಡು ಎದ್ದಳು.

"ಮಷಿನ್ ಕೆಟ್ಟಿತ್ರಿ," ಎಂದಳು. "ಕೇಂದ್ರದ ಮಷಿನ್ ಕೆಟ್ಟಿತ್ತು."

ಚೆಂಗಪ್ಪನವರಿಗೆ ಮಾತ್ರ ನಿಜ ಹೇಳಿದಳು. ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು. "ಹೂ ಬಿಟ್ಟ ಬೆಳಿ ಅಂದ್ರ ಬಸುರಿ ಸರ್. ಬಸುರಿಗೆ ಬಯಕಿ ಊಟ ಹಾಕ್ಯಾರ. ಒಂದು ಮನ್ಯಾಗಲ್ಲ, ಎಲ್ಲಾ ಮನ್ಯಾಗೂ." ಅವರು ಆ ಕಡುಬಿನ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮಂದಿಯೆಲ್ಲ ಹೊಲಕ್ಕೆ ಹೋಗಿರುತ್ತಾರೆ ಎಂದು ಮಹಾನಂದಾ ಆ ದಿನ ಆಡಿದ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

"ಜನರಿಗೆ ಕಾರಣ ಹೇಳಬೇಕಲ್ಲ," ಎಂದರು ಕೊನೆಗೆ.

"ಮಷಿನ್ ಕೆಟ್ಟಿತ್ತು ಅಂತ ಹೇಳ್ರಿ ಸರ್. ತಪ್ಪು ನಮ್ಮ ಮ್ಯಾಲೆ ಇರ್ಲಿ. ಇಲ್ಲಂದ್ರ ಒಂದೊಂದು ಮನ್ಯಾಗೂ ಒಬ್ಬ ತಾಯಿ, ಒಬ್ಬ ಹೆಂಡತಿ, ನಾನ ಕೈಯಾರೆ ಹಾಳು ಮಾಡಿದೆ ಅಂತ ಬದುಕಬೇಕಾಗ್ತದ."

ಹಾಗೇ ಆಯಿತು. ಬೂಷ್ಟು ಹತ್ತಿದ ಹೂವಿನ ಎಣ್ಣೆ ವಿಷ. ಗಿಡಗಳನ್ನೆಲ್ಲ ವ್ಯಾನಿನಲ್ಲಿ ಹೇರಿಕೊಂಡು ಹೋಗಿ ಊರಾಚೆ ಸುಟ್ಟರು. ಜನ ಕೇಂದ್ರದ ಮುಂದೆ ನೆರೆದು ಬಾಯಿಗೆ ಬಂದಂತೆ ಬೈದರು, ಒಬ್ಬ ಕಲ್ಲು ತೂರಿದ. ಮಹಾನಂದಾ ಕಿಟಕಿಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಹೊಸ ಸಸಿ ಬಂದವು. ಆದರೆ ಅವು ತಮ್ಮ ರೋಗಿಯನ್ನು ಅರಿಯದ ಸಸಿಗಳು. ಮೊದಲಿನಿಂದ ಕಲಿತು, ಬೆಳೆದು, ಹೂ ಬಿಡಬೇಕು. ಅದಕ್ಕೆ ಮೂರು ನಾಲ್ಕು ತಿಂಗಳು. ಬಾಟಲಿಯಲ್ಲಿ ಉಳಿದಿದ್ದ ಎಣ್ಣೆ ಒಂದು ತಿಂಗಳಿಗೂ ಸಾಲದು.

ಅಂದಾನಪ್ಪ ಯಾರಿಗೂ ಹೇಳದೆ ಹನಿಗಳನ್ನು ಅರ್ಧ ಮಾಡಿಕೊಂಡ. ಹಳೆಯ ಗುಳಿಗೆಗಳನ್ನು ಮತ್ತೆ ನುಂಗಿದ. ಅಂಗಡಿಯ ಬೀಗ ಮತ್ತೆ ಬಿತ್ತು. "ಎರಡನೇಕಿ ತವರಿಗೆ ಹೋಗ್ಯಾಳ. ಬರ್ತಾಳ ತಗೋ," ಎಂದು ನಗಿಸಲು ನೋಡುತ್ತಿದ್ದ. ಮೊದಲು ವಾರಕ್ಕೊಮ್ಮೆ ಬಂದ ಫಿಟ್ಸ್ ಆಮೇಲೆ ದಿನ ಬಿಟ್ಟು ದಿನ ಬಂತು. ಹೊಸ ಗಿಡದಲ್ಲಿ ಮೊದಲ ಹೂ ಕಂಡ ವಾರ, ಬಚ್ಚಲಲ್ಲಿ ಸ್ನಾನಕ್ಕೆ ಕೂತವನು ಅಲ್ಲೇ ಬಿದ್ದ. ತಲೆ ಕಲ್ಲಿಗೆ ಬಡಿದಿತ್ತು. ಹಂಪವ್ವ ಕೂಗಿದ್ದು ಕೇಳಿ ಮಹಾನಂದಾ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಾಗ ಉಸಿರಿತ್ತು. ಡಾಕ್ಟರು ಬರುವಷ್ಟರಲ್ಲಿ ಇರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಅವಳು ಟೆಂಟಿನ ಮುಂದೆ ಕೂತಳು. ಕಿವಿಯ ಬಿಲ್ಲೆಯಿಂದ ಸುದ್ದಿ ಬಾರದೆ ದೀಪ ಒಂದೇ ಬಣ್ಣದಲ್ಲಿ ನಿಂತಿತ್ತು. ಗಿಡ ಹೂ ಬಿಡುತ್ತಲೇ ಇತ್ತು. ಅದನ್ನು ಸವತಿ ಎಂದು ಕರೆದಿದ್ದು ನೆನಪಾಗಿ ಅವಳಿಗೆ ದುಃಖ ತಡೆಯಲಾಗಲಿಲ್ಲ. ಇಬ್ಬರೂ ಒಂದೇ ದಿನ ವಿಧವೆಯರಾಗಿದ್ದರು. ಕೆಲವು ದಿನಗಳಲ್ಲಿ ಕೇಂದ್ರದವರೇ ಬಂದು ಟೆಂಟನ್ನು ಬಿಚ್ಚಿಕೊಂಡು ಹೋದರು. ಊರಲ್ಲಿ ಅಂದಾನಪ್ಪನೊಬ್ಬನೇ ಹೋದದ್ದಲ್ಲ. ಹಾಸಿಗೆಗೆ ಮರಳಿದವರಂತೂ ಬಹಳ.

ಮಾತಾಡಿಸಲು ಬಂದವರಿಗೆಲ್ಲ ಹಂಪವ್ವ ಒಂದೇ ಮಾತು ಹೇಳುತ್ತಿದ್ದಳು: "ಮಷಿನ್ ಕೆಟ್ಟಿತ್ತಂತ." ಹೇಳಿ ಸೊಸೆಯ ಕಡೆ ನೋಡುತ್ತಿದ್ದಳು. ಮಹಾನಂದಾ ತಲೆಯಾಡಿಸುತ್ತಿದ್ದಳು. ಅತ್ತೆ ನಂಬಿದ್ದಾಳಲ್ಲ, ಅಷ್ಟಾದರೂ ಉಳಿಯಿತಲ್ಲ ಎಂದುಕೊಳ್ಳುತ್ತಿದ್ದಳು.

ಮರುವರ್ಷ ಸೀಗಿ ಹುಣ್ಣಿಮೆ ಹತ್ತಿರ ಬಂತು. ಮತ್ತೆ ಟೆಂಟುಗಳಲ್ಲಿ ಹೂ ತುಂಬಿತ್ತು. ಕಾರಣ ಹೇಳದೆ ಹೆಂಗಸರನ್ನು ತಡೆಯುವುದು ಹೇಗೆ? ಹುಣ್ಣಿಮೆಯ ದಿನ ಯಂತ್ರಗಳ ತಪಾಸಣೆ ಇದೆಯೆಂದು ಸಾರಿ, ಎಲ್ಲ ಜಿಪ್ಪುಗಳಿಗೂ ಕೇಂದ್ರದಿಂದಲೇ ಬೀಗ ಹಾಕುವುದೆಂದು ಚೆಂಗಪ್ಪ ಮತ್ತು ಮಹಾನಂದಾ ಗೊತ್ತು ಮಾಡಿದರು. ಆದರೆ ಹುಣ್ಣಿಮೆಯ ಬೆಳಿಗ್ಗೆ ಹತ್ತು ಗಂಟೆಯಾಗುವ ಮೊದಲೇ ಕೇಂದ್ರಕ್ಕೆ ಫೋನುಗಳು ಶುರುವಾದವು. ಹಬ್ಬದ ದಿನವೇ ಬೀಗವೇ? ಹೂ ತುಂಬಿದ ಗಿಡಕ್ಕೆ ಒಂದು ತುತ್ತು ಇಡಬಾರದೇ? ಒಬ್ಬಳು ಜಿಪ್ಪನ್ನೇ ಕತ್ತರಿಸುತ್ತೇನೆ ಎಂದಳು. ಮಹಾನಂದಾ ಊರೊಳಗೆ ಓಡಿದಳು.

ಓಣಿಯ ತಿರುವಿನಲ್ಲಿ, ನೆರೆಮನೆಯ ಕಟ್ಟೆಯ ಮೇಲೆ ಹೆಂಗಸರು ಗುಂಪುಗೂಡಿದ್ದರು. ನಡುವೆ ಹಂಪವ್ವ, ಕಂಕುಳಲ್ಲಿ ಚರಗದ ಬುಟ್ಟಿ.

"ಒಳಗ ಚೆಲ್ಲಬ್ಯಾಡ್ರೆವ್ವಾ," ಎನ್ನುತ್ತಿದ್ದಳು. "ಬಾಗಲ ಹೊರಗ ಚೆಲ್ಲ್ರಿ, ಅಂಗಳದಾಗ ಚೆಲ್ಲ್ರಿ. ಹ್ವಾದ ವರ್ಷ ನಾ ಒಳಗ ಚೆಲ್ಲಿದ್ದೆ. ಹೂವಿಗೆ ಅನ್ನದ ಹಬಿ ತಾಕಿ, ನೀರು ತಾಕಿ, ಕೊಳೀತು. ನನ್ನ ಮಗ ಹ್ವಾದ."

ಕಟ್ಟೆಯ ಮೇಲೆ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳೂ ಕಳೆದ ವರ್ಷ ಗಂಡನನ್ನು ಕಳೆದುಕೊಂಡವಳು.

ಮಹಾನಂದಾ ಅತ್ತೆಯ ರಟ್ಟೆ ಹಿಡಿದು ಪಕ್ಕಕ್ಕೆ ಕರೆದಳು. "ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಲಿಲ್ಲ. ನೀ ಅಗಳ ಸೆರಗಿಗೆ ಕಟಗೊಳ್ಳೂದು ನೋಡಿದ್ನಲ್ಲ."

"ಗೊತ್ತಿದ್ದೂ ಒಂದು ವರ್ಷ ಮಷಿನ್ ಕೆಟ್ಟಿತ್ತು ಅಂತಿದ್ರಿ?"

"ನೀ ನನ್ನ ಸಲುವಾಗಿ ಮುಚ್ಚಿಟ್ಟಿದ್ದಿ. ನಾ ಬಾಯಿ ಬಿಟ್ರ ನಿನಗ ಇನ್ನೊಂದು ದುಃಖ ಅಂತ ಸುಮ್ನಿದ್ದೆ. ಇವತ್ತ ಸುಮ್ನಿದ್ರ ಇನ್ನೊಬ್ಬಾಕಿ ಮಗ ಹೋಗ್ತಾನ, ನಂದಾ."

ಮಹಾನಂದಾ ಅಲ್ಲೇ ಕಟ್ಟೆಯ ಅಂಚಿಗೆ ಕೂತಳು. ಒಂದು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂತು, ಇಬ್ಬರೂ ಒಬ್ಬರಿಂದೊಬ್ಬರು ಒಂದೇ ಸಂಗತಿಯನ್ನು ಮುಚ್ಚಿಟ್ಟುಕೊಂಡು ಉಂಡಿದ್ದರು. ಹಂಪವ್ವ ಅವಳ ತಲೆಯ ಮೇಲೆ ಕೈ ಇಟ್ಟಳು. ಆಮೇಲೆ ಬುಟ್ಟಿಯಿಂದ ಅರ್ಧ ಚರಗವನ್ನು ಒಂದು ಎಲೆಗೆ ಸುರಿದು ಸೊಸೆಯ ಕೈಗೆ ಕೊಟ್ಟಳು.

"ಈ ಕಡೆ ಓಣಿ ನಾ ಹೋಗ್ತೀನಿ. ಆ ಕಡೆ ನೀ ಹೋಗು. ನನಗ ಎಲ್ಲಾ ಮನಿ ಮುಟ್ಟಾಕ ಆಗಂಗಿಲ್ಲ."

ಮಹಾನಂದಾ ಎದ್ದಳು. ಆ ಕಡೆಯ ಮೊದಲ ಮನೆಯ ಬಾಗಿಲು ತೆರೆದಿತ್ತು. ಒಳಗೆ ನಡುಮನೆಯಲ್ಲಿ ಕರಿ ಟೆಂಟು, ಅದರ ಮುಂದೆ ಒದ್ದೆ ಕೂದಲಿನ ಹೆಂಗಸೊಬ್ಬಳು, ಕೈಯಲ್ಲಿ ಹಬೆಯಾಡುವ ಬುಟ್ಟಿ, ಇನ್ನೊಂದು ಕೈಯಲ್ಲಿ ಕತ್ತರಿ. ಅವಳ ಹಿಂದೆ ಹಾಸಿಗೆಯ ಮೇಲೆ ಕೂತಿದ್ದ ಮಗಳ ಕಿವಿಯ ಹಿಂದೆ ಬಿಲ್ಲೆ ಮಿನುಗುತ್ತಿತ್ತು. ಮಹಾನಂದಾ ಹೊಸ್ತಿಲಲ್ಲಿ ನಿಂತಳು.

"ಅಕ್ಕಾ, ಕತ್ರಿ ಕೆಳಗಿಡ್ರಿ," ಎಂದಳು. "ಹ್ವಾದ ವರ್ಷ ಮಷಿನ್ ಕೆಟ್ಟಿರಲಿಲ್ರಿ. ಅದು ಖರೇನ ಹೇಳಿತ್ತು. ಬಾಯಿ ಮುಚ್ಚಿಸಿದಾಕಿ ನಾನು."